ಎಐ ಬರೆದ ಬೇಸ್ ಗಿಟಾರು, ತಂಬೂರಿಯ ಶ್ರುತಿ

ದಪ್ಪತಂತಿ: ನಮ್ಮ ಬ್ಯಾಂಡಿನ ಪೋಸ್ಟರಿಗೆ ಎಐ ಹತ್ತಿರ ಬೇಸ್ ಗಿಟಾರಿನ ಚಿತ್ರ ಮಾಡಿಸಿದೆ. ತಂತಿ ನಾಲ್ಕು, ಬಿರಡೆ ಏಳು! ಎರಡು ತಂತಿಗಳು ಕುದುರೆ (ತಂತಿ ಹೊರುವ ಬ್ರಿಡ್ಜ್) ಮುಟ್ಟುವ ಮೊದಲೇ ಮಾಯ. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬಂದು ಕೂತಿದೆ. ನೋಡಿದ ಕೂಡಲೇ ತಂಬೂರಿ ನೆನಪಾಯಿತು. ಪ, ಸ, ಸ, ಕೊನೆಗೆ ದಪ್ಪ ತಂತಿಯ ಮಂದ್ರ ಸ. ನನ್ನ ಬೇಸಿಗೂ ಹಾಗೇ ತಂತಿ ಕಟ್ಟಿದೆ. ಡಿ ಸ್ವರವನ್ನೇ ಸ ಅಂತ ಇಟ್ಟುಕೊಂಡು, ಮೇಲಿಂದ ಎ, ಡಿ, ಡಿ, ಕೆಳಗೆ ಮಂದ್ರ ಡಿ. ಐಡಿಯಾ ಎಐದು. ಒಪ್ಪದವರು ಬನ್ನಿ.

ಫ್ರೆಟ್‌ಲೆಸ್ ಬಾಬು: ಐಡಿಯಾ ಎಲ್ಲಿ ಬಂತು ಸ್ವಾಮಿ? ಫೋಟೋ ನೋಡಿ ನೋಡಿ ಗಿಟಾರು ಹೇಗೆ ಕಾಣುತ್ತದೆ ಅಂತ ಕಲಿತಿದೆ, ಅಷ್ಟೇ. ಬಿರಡೆ ಯಾಕಿದೆ ಅಂತ ಅದಕ್ಕೇನು ಗೊತ್ತು? ದಪ್ಪ ತಂತಿ ಕೆಳಗಿರುವುದು ಹೊಸದೂ ಅಲ್ಲ. ಎಡಚರಾದ ಬೇಸ್ ವಾದಕ ಜಿಮ್ಮಿ ಹ್ಯಾಸ್ಲಿಪ್ ಬಲಗೈಯವರ ಕ್ರಮದಲ್ಲೇ ತಂತಿ ಕಟ್ಟಿದ ಬೇಸನ್ನು ತಲೆಕೆಳಗಾಗಿ ಹಿಡಿದು ನುಡಿಸುತ್ತಾರೆ. ಅದಿರಲಿ, 105ರ ದಪ್ಪ ತಂತಿ (ಇಂಚಿನ ಸಾವಿರದ ಅಳತೆ) 45ರ ತೆಳು ತಂತಿಯ ಸಂದಿಯಲ್ಲಿ ಹೇಗೆ ಕೂತಿತು?

ದಪ್ಪತಂತಿ: ಕೂರಲಿಲ್ಲ. ನಟ್ಟಿನ (ಬಿರಡೆ ಕಡೆ ತಂತಿ ಕೂರುವ ಸಂದಿಗಳ ಪಟ್ಟಿ) ತಲೆ ಮೇಲೇ ನಿಂತಿತು. ಸ್ವಲ್ಪ ಜೋರಾಗಿ ಮೀಟಿದರೆ ಜಾರಿ, ಬೋರ್ಡಿನ ಅಂಚಿಗೆ ಟಕ್ ಅಂತ ಬೀಳುತ್ತದೆ. ಅರ ಹಾಕಿ ಸಂದಿ ಅಗಲ ಮಾಡಲಾ?

ಮೈಸೂರು ವೈಣಿಕೆ: ಅಯ್ಯೋ, ಅರ ಕೆಳಗಿಡಿ ಮೊದಲು! ಕಿವಿಗೆ ಬೇಕಾದದ್ದು ಮೀಟುವ ಸರದಿ. ತಂತಿ ಎಲ್ಲಿದ್ದರೇನು? ಎಲ್ಲವನ್ನೂ ಹಳೆಯ ಜಾಗಕ್ಕೇ ಹಾಕಿ. ಎ, ಡಿ ಮುಟ್ಟಬೇಡಿ. ಇ ತಂತಿಯನ್ನು ಡಿಗೆ ಇಳಿಸಿ, ಜಿಯನ್ನು ಪಕ್ಕದ ಡಿ ಜೊತೆ ಕೂಡಿಸಿ. ಮೂರು ತಂತಿ ಬೆರಳಲ್ಲಿ ಮೀಟಿ, ಆಮೇಲೆ ದಪ್ಪದ್ದನ್ನು ಹೆಬ್ಬೆರಳಲ್ಲಿ. ಪ ಸ ಸ ಸ ಆಯಿತಲ್ವಾ?

ಕಟ್ಟಾ ಇಎಡಿಜಿ: ಮೂರು ಡಿ ಇಟ್ಟುಕೊಂಡು ಹಾಡಿಗೆ ಏನು ನುಡಿಸುತ್ತೀರಿ? ಬೇಸಿನ ಮಾಮೂಲಿ ಶ್ರುತಿ ಇಎಡಿಜಿಯಲ್ಲಿ ತಂತಿಯಿಂದ ತಂತಿಗೆ ಎಲ್ಲ ಕಡೆ ಸ–ಮ ಅಂತರ. ಒಂದು ಸ್ಕೇಲ್ ಕಲಿತರೆ ಅದೇ ಬೆರಳಾಟ ಎಲ್ಲ ತಂತಿಗೂ ನಡೆಯುತ್ತದೆ. ಅದನ್ನು ಸುಮ್ನೆ ಯಾಕೆ ಕೆಡಿಸುವುದು?

ಫ್ರೆಟ್‌ಲೆಸ್ ಬಾಬು: ಜಾಝ್ ವಾದಕ ರೆಡ್ ಮಿಚೆಲ್ 1966ರಲ್ಲಿ ಡಬಲ್ ಬೇಸನ್ನು ಸ–ಪ ಅಂತರಕ್ಕೆ ಬದಲಿಸಿಕೊಂಡರು. ಸಿ, ಜಿ, ಡಿ, ಎ. ಬೆರಳಿಗೆ ಹೊಸದಾಗಿ ಕಲಿಸಬೇಕಾಯಿತು, ಕಲಿಸಿದರು. ಆದರೆ ಜಿ ತಂತಿ ಬಗ್ಗೆ ಎಚ್ಚರ. 98 ಹರ್ಟ್ಸಿನಿಂದ 73ಕ್ಕೆ ಇಳಿದರೆ ಬಿಗಿ ಸುಮಾರು ಅರ್ಧಕ್ಕೆ ಬರುತ್ತದೆ. ಬೋರ್ಡಿನ ಲೋಹದ ಪಟ್ಟಿ, ಅಂದರೆ ಫ್ರೆಟ್ಟಿಗೆ ಬಡಿದು ಝುಂಯ್ ಅನ್ನುತ್ತದೆ. 45ರ ಬದಲು 50ರ ತಂತಿ ಹಾಕಿದರೆ ವಾಸಿ.

ದಪ್ಪತಂತಿ: ಝುಂಯ್ ಅಂದರೆ ತಂಬೂರಿಗೆ ಇನ್ನೂ ಹತ್ತಿರ ಆಯಿತಲ್ಲ!

ಮೈಸೂರು ವೈಣಿಕೆ: ಖಂಡಿತ ಇಲ್ಲ. ತಂಬೂರಿಯ ಕುದುರೆ ಅಗಲ, ಮೇಲೆ ಸ್ವಲ್ಪ ಉಬ್ಬು. ತಂತಿ ಅದನ್ನು ಸವರುತ್ತಾ ನಡುಗುತ್ತದೆ, ನಡುವೆ ಒಂದು ದಾರ ಸಿಕ್ಕಿಸಿ ನಾದ ಹದ ಮಾಡುತ್ತೇವೆ. ಅದು ನಾದವನ್ನು ಬೆಳೆಸುವ ಝೇಂಕಾರ. ನಿಮ್ಮದು ನಾದ ಕೊಲ್ಲುವ ಗಲಾಟೆ.

ದಪ್ಪತಂತಿ: ಮೇಡಂ ಹೇಳಿದಂತೆ ಮಾಡಿದೆ, 50ರ ತಂತಿಯನ್ನೂ ಹಾಕಿದೆ. ಚೆನ್ನಾಗಿದೆ! ಅಡುಗೆಮನೆಯಿಂದ ಅಮ್ಮ ದನಿಗೂಡಿಸಲು ನೋಡಿದರು. "ಇಷ್ಟು ತಗ್ಗು ಶ್ರುತಿ ನನ್ನ ಗಂಟಲಿಗೆ ಆಗಲ್ಲ ಕಣೋ" ಅಂದು ಕುಕ್ಕರಿನ ಕಡೆ ಹೋದರು. ಪೋಸ್ಟರಿನಲ್ಲಿ ಮೂರು ಬಿರಡೆ ಅಳಿಸಿದ್ದೇನೆ. ಐಡಿಯಾ ಮಾತ್ರ ಎಐದೇ.