ಸಹಾಯ ಬೇಕು: ಅಕ್ವೇರಿಯಂಗೆ ಹಾಕುವ ಕಲ್ಲು ಬೆಂಗಳೂರಲ್ಲಿ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಮನೆಯ ಎರಡಡಿ ಟ್ಯಾಂಕ್‌ನಲ್ಲಿ ನಿಯಾನ್ ಟೆಟ್ರಾ, ಕೋರಿಡೋರಾಸ್ ಮೀನುಗಳಿವೆ. ಡ್ರ್ಯಾಗನ್ ಸ್ಟೋನ್ ಅನ್ನೋ ಅಲಂಕಾರದ ಕಲ್ಲು ತುಂಬಾ ಇಷ್ಟ, ಆದರೆ ಟ್ಯಾಂಕಿಗೆ ಸಾಲುವಷ್ಟು ಕೊಳ್ಳಲು ನಮ್ಮ ಬಜೆಟ್ ಸಾಲದು. ಬಣ್ಣ ಹಚ್ಚಿದ್ದು ಬೇಡವೇ ಬೇಡ. ಕಡಪಾ ಕಲ್ಲಿನ ಚೂರು ಪುಕ್ಕಟೆ ಕೊಡ್ತೀನಿ ಅಂತ ಪಕ್ಕದ ಮನೆಯವರು ಹೇಳಿದರು. ಆದರೆ ಅದು ಸುಣ್ಣದಕಲ್ಲು, ನೀರಿನ ಗಡಸುತನ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಎರಡನ್ನೂ ಏರಿಸುತ್ತೆ; ಟೆಟ್ರಾಗಳಿಗೆ ಮೆದು ನೀರೇ ಹಿತ, ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ನುಣುಪಾದ ಹೊಳೆಕಲ್ಲು ಅಥವಾ ಗ್ರಾನೈಟ್ ಆದರೆ ಒಳ್ಳೆಯದು. ಕೋರಿಡೋರಾಸ್ ತಳದಲ್ಲೇ ಮೀಸೆಯಾಡಿಸಿಕೊಂಡು ಮೇಯುತ್ತವೆ, ಅಂಚು ಚೂಪಿದ್ದರೆ ಪಾಪ ಗಾಯವಾಗುತ್ತೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಅಥವಾ ಗಿಡದ ನರ್ಸರಿಗಳಲ್ಲಿ ಯಾರಾದರೂ ಕೊಂಡಿದ್ದೀರಾ? ಕೆಜಿಗೆ ಎಷ್ಟಾಯಿತು? ಕಲ್ಲಿಗೆ ವಿನೆಗರ್ ಹಾಕಿ ನೊರೆ ಬರುತ್ತಾ (ಬಂದರೆ ಸುಣ್ಣದಂಶ ಇದೆ ಅಂತ) ನೋಡಿಯೇ ಟ್ಯಾಂಕಿಗೆ ಇಳಿಸುತ್ತೇನೆ. ಪಾಲಿಶ್ ಮಾಡಿದ ಗ್ರಾನೈಟ್ ಚೂರು ಹಾಕಬಹುದಾ, ಅದನ್ನೂ ಬಲ್ಲವರು ದಯವಿಟ್ಟು ತಿಳಿಸಿ.