ಸಂಘದ ಮಕ್ಕಳಿಗೆ ಬ್ರಾಂಜ್ ಅವಾರ್ಡ್ ನಡೆಸುವುದು ಹೇಗೆ? ಅನುಭವ ಇದ್ದವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದಲ್ಲಿ ಒಂಬತ್ತನೇ ಕ್ಲಾಸಿನಿಂದ ಕಾಲೇಜಿನವರೆಗಿನ ಒಂದಷ್ಟು ಮಕ್ಕಳಿದ್ದಾರೆ. ರಾಜ್ಯೋತ್ಸವಕ್ಕೆ ಡ್ಯಾನ್ಸ್ ಮಾಡಿ ಹೋದರೆ ಮತ್ತೆ ಅವರ ಮುಖ ಕಾಣುವುದು ಮುಂದಿನ ವರ್ಷವೇ. ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡ್ ಇದೆಯಲ್ಲ, ನಮ್ಮ ದೇಶದಲ್ಲಿ ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್ ಅನ್ನುತ್ತಾರೆ. ಸೇವೆ, ಕಲಿಕೆ, ವ್ಯಾಯಾಮ, ಚಾರಣ ಮಾಡಿ ಮಕ್ಕಳು ಪಡೆಯುವ ಪ್ರಶಸ್ತಿ ಅದು, ಬ್ರಾಂಜ್ ಅದರ ಮೊದಲ ಹಂತ. ಅದನ್ನು ಸಂಘದಿಂದ ಶುರು ಮಾಡಬೇಕು ಅಂತ ನನ್ನ ಆಸೆ. ಕಮಿಟಿಯ ಹಿರಿಯರು ಒಪ್ಪಿದ್ದಾರೆ. ತಾಯಂದಿರು ಮಾತ್ರ ಎರಡೇ ಮಾತು ಕೇಳುತ್ತಾರೆ. ಓದಿಗೆ ತೊಂದರೆ ಆಗಲ್ವಾ? ಗುಡ್ಡಕ್ಕೆ ಹೋದಾಗ ಏನಾದರೂ ಆದರೆ ಯಾರು ಹೊಣೆ? ನಡೆಸಿ ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಮುಲುಂಡ್‌ನಿಂದ

ಅಕ್ಕಾ, ತುಂಬಾ ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ಇಲ್ಲಿನ ಒಂದು ಶಾಲೆಯಲ್ಲಿ ಅವಾರ್ಡ್ ಲೀಡರ್, ಅಂದರೆ ಮಕ್ಕಳಿಗೆ ಇದನ್ನು ನಡೆಸಿಕೊಡುವುದು ನನ್ನ ಕೆಲಸ.

ಮೊದಲು ಒಂದು ವಿಷಯ. ಹೆಸರಿಟ್ಟುಕೊಂಡು ನಾವೇ ಶುರು ಮಾಡುವ ಹಾಗಿಲ್ಲ. ಸಂಸ್ಥೆಗೆ ಅವಾರ್ಡ್ ಸೆಂಟರ್ ಅಂತ ಲೈಸೆನ್ಸ್ ಬೇಕು, ಲೀಡರ್ ಆಗುವವರಿಗೆ ತರಬೇತಿ ಆಗಬೇಕು. ಹಾಗಾಗಿ ನಿಮ್ಮ ಮಕ್ಕಳ ಶಾಲೆ, ಕಾಲೇಜಿನಲ್ಲಿ ಈಗಾಗಲೇ ಇದೆಯಾ ಅಂತ ವಿಚಾರಿಸಿ. ಇದ್ದರೆ ಅಲ್ಲೇ ಹೆಸರು ಬರೆಸಲಿ. ಸೇವೆಗೆ ಜಾಗ, ಕಲಿಸುವ ಗುರುಗಳು, ಇವೆರಡನ್ನು ಸಂಘ ಒದಗಿಸಬಹುದು. ಎಲ್ಲೂ ಇಲ್ಲದಿದ್ದರೆ ಆಮೇಲೆ ಸಂಘದ ಹೆಸರಲ್ಲೇ ಲೈಸೆನ್ಸಿಗೆ ಹೊರಡಿ.

ನಿಯಮ ಸುಲಭ. 14 ತುಂಬಿದವರು ಬ್ರಾಂಜ್ ಸೇರಬಹುದು, 15ಕ್ಕೆ ಸಿಲ್ವರ್, 16ಕ್ಕೆ ಗೋಲ್ಡ್. 25ನೇ ಹುಟ್ಟುಹಬ್ಬದೊಳಗೆ ಮುಗಿಸಬೇಕು. ಸೇವೆ, ಕೌಶಲ, ದೈಹಿಕ ಚಟುವಟಿಕೆ, ಸಾಹಸ ಪ್ರಯಾಣ ಅಂತ ನಾಲ್ಕು ವಿಭಾಗ. ಬ್ರಾಂಜ್‌ಗೆ ಮೊದಲ ಮೂರರಲ್ಲಿ ವಾರಕ್ಕೆ ಒಂದೊಂದು ಗಂಟೆ, 13 ವಾರ. ಆ ಮೂರರಲ್ಲಿ ಇಷ್ಟವಾದ ಒಂದನ್ನು ಇನ್ನೂ 13 ವಾರ ಮುಂದುವರಿಸಬೇಕು. ಒಟ್ಟು ಕನಿಷ್ಠ ಆರು ತಿಂಗಳು. ಯಾರೊಂದಿಗೂ ಸ್ಪರ್ಧೆ ಇಲ್ಲ, ರ್‍ಯಾಂಕ್ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ಏನು ಮಾಡಬೇಕು ಅಂತ ಮಗು ತಾನೇ ಆರಿಸಬೇಕು. ನಮ್ಮ ಮನೆಗಳಲ್ಲಿ ಫಾರಂ ತುಂಬುವುದೇ ಅಪ್ಪ. ಕೀಬೋರ್ಡ್ ಕ್ಲಾಸಿಗೆ ಹೇಗೂ ದುಡ್ಡು ಕಟ್ಟಾಗಿದೆ, ಅದನ್ನೇ ಕೌಶಲ ಅಂತ ಬರೆ ಅನ್ನುತ್ತಾರೆ. ಮಗುವಿಗೆ ಅದರಲ್ಲಿ ಮನಸ್ಸಿಲ್ಲದಿದ್ದರೆ ಆರನೇ ವಾರಕ್ಕೆ ಎಲ್ಲ ಬಿದ್ದುಹೋಗುತ್ತದೆ. ಆದ್ದರಿಂದ ನಾನು ಮೊದಲ ಮೀಟಿಂಗಿನಲ್ಲಿ ಪಾಲಕರನ್ನು ಚಹಾ ಕುಡಿಯಲು ಹೊರಗೆ ಕಳಿಸಿ, ಮಕ್ಕಳ ಜೊತೆ ಒಬ್ಬೊಬ್ಬರಾಗಿ ಮಾತಾಡುತ್ತೇನೆ.

ನಮ್ಮಲ್ಲಿ ಕುಂದಾಪುರ ಕಡೆಯ ಮನೆಯ ಒಬ್ಬ ಹುಡುಗ ಇದ್ದ. ಮನೆಯಲ್ಲಿ ಕನ್ನಡ ಸಲೀಸಾಗಿ ಮಾತಾಡುತ್ತಿದ್ದ, ಅಕ್ಷರ ಮಾತ್ರ ಬರುತ್ತಿರಲಿಲ್ಲ. ಮುಂಬಯಿಯಲ್ಲಿ ಇಂಥ ಮಕ್ಕಳೇ ಜಾಸ್ತಿ ಅಲ್ವಾ. ಓದಲು ಕಲಿಯಬೇಕು ಅಂತ ಅವನೇ ಹೇಳಿದ. 'ಕನ್ನಡ ಕಲಿಯುತ್ತೇನೆ' ಅಂದರೆ ಗುರಿ ಆಗುವುದಿಲ್ಲ, ಎಲ್ಲಿಗೆ ಮುಟ್ಟುತ್ತೀಯ ಹೇಳು ಅಂದೆ. 'ಮೂರು ತಿಂಗಳಲ್ಲಿ ಪೇಪರಿನ ಒಂದು ಸುದ್ದಿ ತಡವರಿಸದೆ ಓದುತ್ತೇನೆ' ಅಂತ ಬರೆದ. ಅವನ ಬಿಲ್ಡಿಂಗಿನಲ್ಲಿ ಒಬ್ಬರು ಅಜ್ಜ, ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ದುಡಿದವರು, ಈಗ ಕಣ್ಣು ಮಂಜು. ಸಂಬಂಧಿಕರಲ್ಲ. ಅಕ್ಷರ ಕೂಡಿಸಿ ಓದಲು ಬಂದ ಮೇಲೆ ಪ್ರತಿ ಭಾನುವಾರ ಅವರ ಮನೆಗೆ ಹೋಗಿ 'ಕರ್ನಾಟಕ ಮಲ್ಲ' ಪತ್ರಿಕೆ ಓದಿ ಹೇಳುವುದನ್ನು ಸೇವೆಗೆ ಆರಿಸಿಕೊಂಡ. ಅಜ್ಜನಿಗೆ ಮೊದಲು ನಿಧನ ವಾರ್ತೆ ಬೇಕು, ಆಮೇಲೆ ಊರಿನ ಸುದ್ದಿ, ರಾಜಕೀಯ ಕೊನೆಗೆ. ಹುಡುಗ ಒತ್ತಕ್ಷರದಲ್ಲಿ ಎಡವಿದರೆ ಅಜ್ಜ ಅಂದಾಜಿನಿಂದಲೇ ಪದ ಹೇಳಿಬಿಡುವರು. ನೀವು ಹೇಳಬೇಡಿ, ನಾನೇ ಓದ್ತೇನೆ ಅಂತ ಇವನಿಗೆ ಸಿಟ್ಟು. 13 ವಾರ ಮುಗಿದ ಮೇಲೂ ಹೋಗುವುದನ್ನು ಬಿಡಲಿಲ್ಲ. ಇಂಥದ್ದನ್ನು ನಾವು ಕೂತು ಪ್ಲಾನ್ ಮಾಡಿ ಕೊಡಲು ಆಗುವುದಿಲ್ಲ ಅಕ್ಕಾ.

ಲೀಡರ್ ಕೆಲಸ ಬಹುಪಾಲು ನೆನಪಿಸುವುದು. ಆನ್‌ಲೈನ್ ರೆಕಾರ್ಡ್ ಬುಕ್‌ನಲ್ಲಿ ಆಯಾ ವಾರದ್ದನ್ನು ಆಯಾ ವಾರವೇ ತುಂಬಿಸಿ. ಕೊನೆಗೆ ಒಟ್ಟಿಗೆ ಬರೆದರೆ ಎಲ್ಲ ಸಾಲೂ ಒಂದೇ ಥರ ಇರುತ್ತದೆ. ಮಗುವಿಗೂ ಅದರಲ್ಲಿ ತನ್ನದು ಅಂತ ಏನೂ ಕಾಣುವುದಿಲ್ಲ.

ಪುಣೆಯಿಂದ

ಸಾಹಸ ಪ್ರಯಾಣದ ಬಗ್ಗೆ ಮಾತ್ರ ಹೇಳ್ತೇನೆ, ನಾನು ನೋಡಿಕೊಳ್ಳುವುದು ಅದನ್ನೇ.

ಬ್ರಾಂಜ್‌ಗೆ ಎರಡು ಹಗಲು, ಒಂದು ರಾತ್ರಿ. ದಿನಕ್ಕೆ ಕನಿಷ್ಠ ಆರು ಗಂಟೆ ನಡಿಗೆ ಮತ್ತು ಕೆಲಸ. ಗುಂಪಿನಲ್ಲಿ ನಾಲ್ಕರಿಂದ ಏಳು ಮಂದಿ. ಅದಕ್ಕೂ ಮೊದಲು ತರಬೇತಿ, ಆಮೇಲೆ ಒಂದು ಅಭ್ಯಾಸದ ಪ್ರಯಾಣ ಆಗಲೇಬೇಕು. ದಾರಿ ಗುರುತಿಸುವುದು, ಅಡುಗೆ, ಪ್ರಥಮ ಚಿಕಿತ್ಸೆ ಎಲ್ಲ ಮೊದಲೇ ಕಲಿತಿರಬೇಕು. ಇದನ್ನು ಪಿಕ್ನಿಕ್ ಮಾಡಬೇಡಿ. ಒಂದು ಟ್ರೆಕ್ಕಿಂಗ್ ಸಂಸ್ಥೆಯವರು ನಮಗೆ ಟೆಂಟ್ ಹಾಕಿ, ಪಲಾವ್ ಮಾಡಿ ಬಡಿಸಿ, ಮುಂದೊಬ್ಬ ಹಿಂದೊಬ್ಬ ಗೈಡ್ ಕೊಡ್ತೇವೆ ಅಂದರು. ಬೇಡ ಅಂದೆವು. ಆಗ ಮಕ್ಕಳು ಮಾಡುವುದಕ್ಕೆ ಏನು ಉಳಿಯಿತು? ಈ ಅವಾರ್ಡನ್ನು 1956ರಲ್ಲಿ ಬ್ರಿಟನ್ನಿನಲ್ಲಿ ಪ್ರಿನ್ಸ್ ಫಿಲಿಪ್ ಶುರು ಮಾಡಿದಾಗ ಮೊದಲ ನಿರ್ದೇಶಕರಾಗಿ ಬಂದವರು 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್. ದಾರಿ ತಾವೇ ಹುಡುಕಬೇಕು, ತಮ್ಮ ಭಾರ ತಾವೇ ಹೊರಬೇಕು ಅನ್ನುವುದು ಇದರ ಜೀವ.

ನಿಮ್ಮ ಕಡೆಯಿಂದ ರಾಜಮಾಚಿ ಕೋಟೆಯ ದಾರಿ ಚೆನ್ನಾಗಿದೆ. ಲೋನಾವಳದಿಂದ ಉಧೇವಾಡಿ ಹಳ್ಳಿಗೆ ಸುಮಾರು 15 ಕಿಲೋಮೀಟರ್. ದೂರ ಇದ್ದರೂ ದಾರಿ ಕಡಿದಲ್ಲ. ಮರುದಿನ ಕೋಂಡಿವಡೆಗೆ ಇಳಿದರೆ ಕರ್ಜತ್, ಅಲ್ಲಿಂದ ಲೋಕಲ್ ರೈಲು. ಆ ಇಳಿಜಾರು ಕಡಿದು. ಮಳೆಗಾಲದಲ್ಲಿ ಜಾರುತ್ತದೆ, ಹೊಸಬರನ್ನು ಆಗ ಕರೆದೊಯ್ಯಬೇಡಿ. ಏಪ್ರಿಲ್, ಮೇ ಬಿಸಿಲೂ ಬೇಡ.

ಪ್ರಯಾಣಕ್ಕೆ ಒಂದು ಉದ್ದೇಶ ಇರಬೇಕು, ಆಮೇಲೆ ವರದಿ ಕೊಡಬೇಕು. ನಮ್ಮ ಹುಡುಗಿಯರ ಒಂದು ತಂಡ ದಾರಿಯುದ್ದಕ್ಕೂ ನೀರಿನ ಜಾಗಗಳನ್ನು ಗುರುತು ಹಾಕಿತು. ರಾಜಮಾಚಿಯ ಶ್ರೀವರ್ಧನ ಕೋಟೆಯಲ್ಲಿ ಬಂಡೆ ಕೊರೆದು ಮಾಡಿದ ತೊಟ್ಟಿಗಳಿವೆ. ಅವುಗಳ ಆಳ ನೋಡಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿಕೊಂಡಿದ್ದರು. ಆ ಉಪಾಯ ಹೇಳಿಕೊಟ್ಟವರು ಯಾರೂ ಇಲ್ಲ.

ತಾಯಂದಿರ ಭಯಕ್ಕೆ ಉತ್ತರ: ದೊಡ್ಡವರು ಇದ್ದೇ ಇರುತ್ತಾರೆ, ಗುಂಪಿನ ಒಳಗೆ ಇರುವುದಿಲ್ಲ ಅಷ್ಟೇ. ನಾವು ಮೊದಲೇ ಮಾತಾಡಿಕೊಂಡ ಜಾಗಗಳಲ್ಲಿ ಕಾದಿರುತ್ತೇವೆ. ಯಾವ ಹೊತ್ತಿಗೆ ಎಲ್ಲಿ ಸಿಗಬೇಕು, ಹತ್ತಿರದ ಆಸ್ಪತ್ರೆ ಯಾವುದು, ಯಾರಿಗೆ ಯಾವ ಔಷಧ ಆಗಲ್ಲ, ಎಲ್ಲ ಕಾಗದದ ಮೇಲೆ ಇರುತ್ತದೆ. ಆ ಕಾಗದವನ್ನು ತಾಯಂದಿರ ಕೈಗೇ ಕೊಡಿ. ಬಾಯಲ್ಲಿ ಎಷ್ಟು ಧೈರ್ಯ ಹೇಳಿದರೂ ಅಷ್ಟು ಸಮಾಧಾನ ಆಗುವುದಿಲ್ಲ.

ವಾಶಿಯಿಂದ

ನಾನು ಅಮ್ಮ, ಲೀಡರ್ ಅಲ್ಲ. ಮಗಳು ಬ್ರಾಂಜ್ ಮುಗಿಸಿದ್ದಾಳೆ. ಒಂಬತ್ತನೇ ಕ್ಲಾಸಿನಲ್ಲೇ ಶುರು ಮಾಡಿಸಿ, ಹತ್ತನೇ ಕ್ಲಾಸಿಗೆ ಮುಂದೂಡಬೇಡಿ. ಜೂನ್‌ನಲ್ಲಿ ಹೊರಟರೆ ಗಣಪತಿ, ದೀಪಾವಳಿ ರಜೆ ಬಿಟ್ಟರೂ ಡಿಸೆಂಬರ್ ಹೊತ್ತಿಗೆ 26 ವಾರ ಆಗುತ್ತದೆ. ದೀಪಾವಳಿ ರಜೆಯಲ್ಲಿ ಅಭ್ಯಾಸದ ಪ್ರಯಾಣ, ಚಳಿಗಾಲದಲ್ಲಿ ನಿಜವಾದದ್ದು. ಓದಿಗೆ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಶನಿವಾರದ ಕ್ಲಾಸಿನ ಸಮಯ ಬದಲಾದಾಗ. ಬ್ಯಾಡ್ಮಿಂಟನ್ ತಪ್ಪುತ್ತಿತ್ತು. ಬೆಳಿಗ್ಗೆ ಓಡುತ್ತೇನೆ ಅಂತ ಅವಳೇ ಲೀಡರ್ ಹತ್ತಿರ ಮಾತಾಡಿ ಬದಲಿಸಿಕೊಂಡಳು. ಮೊದಲಾಗಿದ್ದರೆ ಅದಕ್ಕೂ ನಾನೇ ಫೋನ್ ಮಾಡಬೇಕಿತ್ತು.

ಮಾಟುಂಗಾದಿಂದ

ನಾನು ಗೋಲ್ಡ್ ಮಾಡುತ್ತಿದ್ದೇನೆ. ದೊಡ್ಡ ಮಕ್ಕಳಿಗೆ ಇದನ್ನು ಹೇಳಿ ಅಕ್ಕಾ: ಗೋಲ್ಡ್‌ನಲ್ಲಿ ಐದು ದಿನ, ನಾಲ್ಕು ರಾತ್ರಿ ಮನೆಯಿಂದ ಹೊರಗೆ ಇದ್ದು ಒಂದು ಕೆಲಸ ಮಾಡಬೇಕು, ಅದೂ ನಮ್ಮ ದಿನನಿತ್ಯದ ಗೆಳೆಯರ ಜೊತೆ ಅಲ್ಲ. ಸಂಘದ ಮಕ್ಕಳೆಲ್ಲ ಒಟ್ಟಿಗೆ ಹೋಗೋಣ ಅಂತ ಹೊರಟರೆ ಅದರ ಉದ್ದೇಶವೇ ಹೋಯಿತು. ನೇರವಾಗಿ ಗೋಲ್ಡ್‌ಗೆ ಸೇರುವವರಿಗೆ ಕನಿಷ್ಠ 18 ತಿಂಗಳು ಬೇಕು, ಸಿಲ್ವರ್ ಮಾಡಿ ಬಂದವರಿಗೆ 12. ಲೆಕ್ಕ ಹಾಕಿ ಸೇರಲಿ.

ಡೊಂಬಿವಲಿಯಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಅನುಮಾನ. ನಮ್ಮಲ್ಲಿ ಭಾನುವಾರ ಯಕ್ಷಗಾನ ತರಗತಿ ಇದೆ. ಚೆಂಡೆ ಕಲಿಯುವುದನ್ನು ಕೌಶಲ, ಹೆಜ್ಜೆ ಕಲಿಯುವುದನ್ನು ದೈಹಿಕ ಅಂತ ಬರೆಯಬಹುದಾ? ಗುರುಗಳು ಒಬ್ಬ ಹುಡುಗನಿಗೆ ಸೋದರಮಾವ ಬೇರೆ.

ಮುಲುಂಡ್‌ನಿಂದ

ಬರೆಯಬಹುದು. ಆದರೆ ಒಂದೇ ಗಂಟೆಯನ್ನು ಎರಡು ಕಡೆ ಲೆಕ್ಕ ಹಾಕುವ ಹಾಗಿಲ್ಲ. ಚೆಂಡೆಗೆ ಬೇರೆ ಹೊತ್ತು, ಹೆಜ್ಜೆಗೆ ಬೇರೆ ಹೊತ್ತು ಇರಲಿ, ಎರಡಕ್ಕೂ ಬೇರೆ ಬೇರೆ ಗುರಿ ಇರಲಿ. ಹಾಗೇ ಮನೆಯವರು, ಸಂಬಂಧಿಕರು ಅಸೆಸರ್, ಅಂದರೆ ಮಗುವಿನ ಪ್ರಗತಿ ನೋಡಿ ಒಪ್ಪಿಗೆ ಕೊಡುವವರು, ಆಗುವ ಹಾಗಿಲ್ಲ. ನಮ್ಮ ಸಂಘಗಳಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಿಯೇ ಇರುತ್ತಾರೆ, ಆದ್ದರಿಂದ ಮೊದಲೇ ನೋಡಿಕೊಳ್ಳಿ. ಆ ಹುಡುಗನಿಗೆ ಮಾತ್ರ ಮದ್ದಳೆಯವರು ಅಸೆಸರ್ ಆಗಲಿ, ಉಳಿದವರಿಗೆ ಗುರುಗಳೇ ಸಾಕು.