ಲ್ಯಾಪ್ರೋಸ್ಕೋಪಿ ಮಾಡಿದ ಜಾಗದಲ್ಲೇ ಗಂಟು: ಯಾರಿಗಾದರೂ ಆಗಿದೆಯಾ?

ಮಗಳು, ಶಿವಮೊಗ್ಗ:
ಅಮ್ಮನಿಗೆ 61. ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಂತ ಹೋದ ವರ್ಷ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ, ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಮೊದಲನೇ ಸ್ಟೇಜ್, ಕೀಮೋ ಬೇಡ ಅಂದಿದ್ದರು. ಈಗ ಬಲಗಡೆ ತೂತಿನ ಕಲೆಯ ಕೆಳಗೆ ಬಟಾಣಿಯಷ್ಟು ಗಟ್ಟಿ ಗಂಟು ಕೈಗೆ ಸಿಗುತ್ತಿದೆ. ನೋವಿಲ್ಲ. ಚೆಕಪ್ ಇರುವುದು ಮುಂದಿನ ತಿಂಗಳು. ಕಾಯಬಹುದಾ? ಆಪರೇಷನ್ ಸರಿಯಾಗಿ ಮಾಡಿಲ್ಲ ಅಂತ ಅರ್ಥವಾ?

ಸೊಸೆ, ಹುಬ್ಬಳ್ಳಿ:
ಕಾಯಬೇಡಿ ಅಕ್ಕಾ. ನಮ್ಮ ಅತ್ತೆಗೆ ಅಂಡಾಶಯದ ಕ್ಯಾನ್ಸರ್. ಹೊಕ್ಕುಳದ ಹತ್ತಿರ ಹೀಗೇ ಗಂಟು ಬಂತು. ಊರಿನ ಡಾಕ್ಟರು ಒಬ್ಬರು, ಕೊಬ್ಬಿನ ಗಂಟು, ಇಂಜೆಕ್ಷನ್ ಕೊಟ್ಟು ಇಲ್ಲೇ ತೆಗೆದುಬಿಡೋಣ ಅಂದರು. ನಾದಿನಿ ನರ್ಸ್, ಅವಳೇ ತಡೆದಳು. ಮೊದಲು ಆಪರೇಷನ್ ಮಾಡಿದ ಕಡೆಗೇ ಹೋದೆವು. ಸ್ಕ್ಯಾನ್, ಆಮೇಲೆ ಸೂಜಿ ಹಾಕಿ ಬಯಾಪ್ಸಿ. ಕ್ಯಾನ್ಸರೇ. ಇಡೀ ಮೈ ನೋಡುವ ಪೆಟ್-ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯೊಳಗೂ ಸಣ್ಣ ಸಣ್ಣವು ಕಂಡವು. ಮೇಲಿನದನ್ನಷ್ಟೇ ಕೊಯ್ದು ಬಿಸಾಕಿದ್ದರೆ ಒಳಗಿನದು ಗೊತ್ತೇ ಆಗುತ್ತಿರಲಿಲ್ಲ. ಕೀಮೋ ನಡೆದಿದೆ. ಓಡಾಡಿಕೊಂಡಿದ್ದಾರೆ, ಸಿಡುಕು ಜಾಸ್ತಿಯಾಗಿದೆ ಅಷ್ಟೇ.

ಮಂಗಳೂರಿನಿಂದ:
ನನಗೂ ನಿಮ್ಮ ಅಮ್ಮನದೇ ಕ್ಯಾನ್ಸರ್, ಅದೇ ಆಪರೇಷನ್. ಗಂಟು ಸಿಕ್ಕಾಗ ಎದೆ ಧಸಕ್ ಅಂದಿತ್ತು. ನೋಡಿದರೆ ಹರ್ನಿಯಾ! ಕೆಮ್ಮಿದರೆ ಉಬ್ಬುತ್ತಿತ್ತು, ಮಲಗಿದರೆ ಮಾಯ. ಕೆಲವರಿಗೆ ಒಳಗಿನ ಹೊಲಿಗೆ ದಾರದ ಸುತ್ತಲೂ ಗಂಟು ಕಟ್ಟುತ್ತದಂತೆ. ಆದರೂ ಕೈಯಲ್ಲಿ ಮುಟ್ಟಿ ನಾವೇ ತೀರ್ಮಾನ ಮಾಡುವ ವಿಷಯ ಅಲ್ಲ ಇದು.

ಕ್ಯಾನ್ಸರ್ ವಾರ್ಡಿನ ನರ್ಸ್:
ತಪ್ಪು ಡಾಕ್ಟರದ್ದೇ ಅಂತ ಹೇಳಲು ಬರುವುದಿಲ್ಲ. ತೂತಿನ ಜಾಗದಲ್ಲಿ ಕ್ಯಾನ್ಸರ್ ಬರುವುದು 1978ರಲ್ಲೇ ವರದಿಯಾದ ತೊಂದರೆ. ಸಲಕರಣೆಗೆ ಅಂಟಿಕೊಂಡೋ, ಸಣ್ಣ ತೂತಿನಿಂದ ಗಡ್ಡೆ ಎಳೆಯುವಾಗಲೋ, ಹೊಟ್ಟೆಗೆ ತುಂಬಿದ ಗ್ಯಾಸ್ ಪಕ್ಕದಿಂದ ಸೋರುವಾಗಲೋ ಕ್ಯಾನ್ಸರ್ ಕಣ ಅಲ್ಲಿ ಕೂರಬಹುದು. ಅದಕ್ಕೇ ಗಡ್ಡೆಯನ್ನು ಬ್ಯಾಗಿನಲ್ಲಿ ಹಾಕಿ ತೆಗೆಯುತ್ತಾರೆ, ತೂತಿನಲ್ಲಿ ಕೊಳವೆ ಇರುವಾಗಲೇ ಗ್ಯಾಸ್ ಹೊರಗೆ ಬಿಡುತ್ತಾರೆ. ಇಷ್ಟು ಮಾಡಿದರೂ ಕೆಲವರಿಗೆ ಬರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ ಅಂಡಾಶಯದ ಕ್ಯಾನ್ಸರಿನಲ್ಲಿ ಜಾಸ್ತಿ. ನಿಮ್ಮ ಅಮ್ಮನಂಥವರಲ್ಲಿ ಅಪರೂಪ. ಗರ್ಭಕೋಶದ ಕ್ಯಾನ್ಸರಿಗೆ ಲ್ಯಾಪ್ರೋಸ್ಕೋಪಿ ಮಾಡಿ ನೋಡಿದ ಅಮೆರಿಕದ ಲ್ಯಾಪ್-2 ಅಧ್ಯಯನದಲ್ಲಿ ನೂರಕ್ಕೆ 0.24 ಮಾತ್ರ. 2018ರಲ್ಲಿ ಲ್ಯಾಪ್ರೋಸ್ಕೋಪಿ ಬೇಡ ಅನ್ನುವಂತೆ ಬಂದ ಅಧ್ಯಯನ ಗರ್ಭಕೋಶದ ಬಾಯಿಯ ಕ್ಯಾನ್ಸರಿನದು. ಅದನ್ನು ಓದಿ ಸುಮ್ನೆ ಹೆದರಬೇಡಿ.

ಅಪರೂಪ ಅಂತ ಬಿಡುವ ಹಾಗೂ ಇಲ್ಲ. ಫೋನ್ ಮಾಡಿ ಈ ವಾರವೇ ತೋರಿಸಿ. ಒಂದು ವೇಳೆ ಕ್ಯಾನ್ಸರ್ ಆಗಿದ್ದು, ಅಲ್ಲೊಂದೇ ಕಡೆ ಇದ್ದರೆ, ಸುತ್ತಲಿನ ಭಾಗದ ಸಮೇತ ತೆಗೆದು, ಬೇಕಾದರೆ ರೇಡಿಯೇಷನ್ ಅಥವಾ ಕೀಮೋ ಕೊಡುತ್ತಾರೆ. ಗಂಟಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಡಿಸ್ಚಾರ್ಜ್ ಸಮರಿ, ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್ ಒಯ್ಯಿರಿ. ಕಿದ್ವಾಯಿಯಂಥ ಬೇರೆ ಕಡೆ ತೋರಿಸುವುದಾದರೆ ಹಳೇ ಲ್ಯಾಬಿನಿಂದ ಆಗ ತೆಗೆದ ಗಡ್ಡೆಯ ಚೂರಿರುವ ಸ್ಲೈಡು, ಮೇಣದ ಬ್ಲಾಕ್ ಕೂಡ ಕೇಳಿ ಪಡೆಯಿರಿ. ರಿಪೋರ್ಟ್ ಒಂದನ್ನೇ ಹಿಡಿದು ಹೋದರೆ ಮತ್ತೆ ವಾಪಸ್ ಓಡಬೇಕಾಗುತ್ತದೆ.